ಮೂರು ವಾಡಾಗಳ ವಾರ್ಡು

ಆ ಊರಿನ ವಾರ್ಡುಗಳ ಪಟ್ಟಿ ತಯಾರಿಸಿದ್ದು ನಾನೇ. ಮುಂದೆ ಆದದ್ದೆಲ್ಲ ಅದರಿಂದಲೇ ಆದದ್ದು, ಹಾಗಾಗಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆಗ ನಾನು ಖಾನಾಪುರದಲ್ಲಿ ಒಂದು ಸರ್ಕಾರಿ ಕಚೇರಿಯ ಗುಮಾಸ್ತಳು. ಮನೆ ಬೆಳಗಾವಿಯ ಅನಗೋಳದಲ್ಲಿ. ಬೆಳಿಗ್ಗೆ ಅಡಿಗೆ ಮುಗಿಸಿ ಎರಡು ಡಬ್ಬಿ ಕಟ್ಟಿ, ಒಂದನ್ನು ಗಂಡನ ಕೈಗೆ ಕೊಟ್ಟು, ಇನ್ನೊಂದನ್ನು ಬ್ಯಾಗಿಗೆ ಹಾಕಿಕೊಂಡು ಮೂರನೇ ರೈಲ್ವೆ ಗೇಟಿನ ಹತ್ತಿರ ಬಸ್ಸು ಹಿಡಿಯುತ್ತಿದ್ದೆ. ಸಂಜೆ ಅದೇ ದಾರಿಯಲ್ಲಿ ವಾಪಸ್. ಖಾನಾಪುರ ತಾಲೂಕಿನ ಎಲ್ಲ ಊರುಗಳ ಹೆಸರೂ ನನಗೆ ಬಾಯಿಪಾಠವಾಗಿದ್ದವು, ಆದರೆ ಕಣ್ಣಿಂದ ನೋಡಿದ್ದು ಬಸ್ಸಿನ ಕಿಟಕಿಯಿಂದ ಕಂಡ ನಾಲ್ಕೈದು ಮಾತ್ರ.

ಗ್ರಾಮ ಪಂಚಾಯಿತಿ ಚುನಾವಣೆಗೆ ಮುಂಚೆ ವಾರ್ಡುಗಳನ್ನು ಹೊಸದಾಗಿ ಮಾಡಬೇಕಿತ್ತು. ಇಷ್ಟು ಜನಕ್ಕೆ ಒಬ್ಬ ಸದಸ್ಯ ಅಂತ ಲೆಕ್ಕ. ಜಾಂಬೋಟಿ ಕಡೆಯ ಒಂದು ದೊಡ್ಡ ಊರಿನ ಕಡತ ನನ್ನ ಪಾಲಿಗೆ ಬಂತು. ಆ ಊರಿಗೆ ಒಂಬತ್ತು ಸದಸ್ಯರು. ಮೂರು ವಾರ್ಡು ಮಾಡಿ ವಾರ್ಡಿಗೆ ಮೂವರನ್ನು ಕೊಟ್ಟೆ. ಓಣಿಗಳನ್ನೆಲ್ಲ ಹಂಚಿದ ಮೇಲೆ ಪಟ್ಟಿಯ ಕೊನೆಗೆ ಮೂರು ಸಾಲು ಉಳಿದವು. ಮೂರು ಗೌಳಿವಾಡಾಗಳು. ವಾಡಾ ಅಂದರೆ ಎಮ್ಮೆ ಸಾಕಿ, ಹಾಲು ಮಾರಿ ಬದುಕುವ ಗೌಳಿಗರ ಸಣ್ಣ ಕೇರಿ. ಕಾಡಿನೊಳಗೆ, ಊರಿನಿಂದ ದೂರ. ಒಂದು ವಾಡಾವನ್ನು ಒಂದನೇ ವಾರ್ಡಿಗೆ, ಇನ್ನೊಂದನ್ನು ಎರಡನೆಯದಕ್ಕೆ, ಮತ್ತೊಂದನ್ನು ಮೂರನೆಯದಕ್ಕೆ ಸೇರಿಸಿದೆ. ಮೂರೂ ವಾರ್ಡುಗಳ ಜನಸಂಖ್ಯೆ ಸಮನಾಗಿ ಬಂತು. ಅದನ್ನು ನೋಡಿ ನನಗೆ ಖುಷಿಯಾಗಿದ್ದು ಇವತ್ತಿಗೂ ನೆನಪಿದೆ. ಸಾಹೇಬರು "ಚಲೋ ಮಾಡೀರಿ" ಎಂದು ಸಹಿ ಹಾಕಿದರು.

ಮತದಾನದ ದಿನ ನನ್ನನ್ನು ಹಾಕಿದ್ದು ಅದೇ ಊರಿನ ಶಾಲೆಯ ಮತಗಟ್ಟೆಗೆ. ಬಂದವರ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಬೆಳಿಗ್ಗೆ ಊರಿನವರೇ ಇದ್ದರು. ಬಿಸಿಲು ಏರಿದ ಮೇಲೆ ಆ ಮತಗಟ್ಟೆಗೆ ಸೇರಿದ ಒಂದು ವಾಡಾದವರು ಬಂದರು, ಹೆಂಗಸರೇ ಹೆಚ್ಚು, ಎಲ್ಲರೂ ಒಟ್ಟಿಗೆ. ಕಾಡಿನ ದಾರಿಯಲ್ಲಿ ಬಂದ ಕೆಂಪು ಮಣ್ಣು ಮೊಳಕಾಲಿನವರೆಗೂ ಹತ್ತಿತ್ತು. ಎಲ್ಲರ ಮುಂದೆ ಒಬ್ಬ ಮುದುಕಿ, ಕೃಶ ದೇಹ, ಕಚ್ಚೆ ಹಾಕಿದ ಹಸಿರು ಸೀರೆ. ಆಕೆಯನ್ನು ಎಲ್ಲರೂ ಆಯಿ, ಅಂದರೆ ಅವ್ವ, ಅನ್ನುತ್ತಿದ್ದರು. ನಾನೂ ಮುಂದೆ ಹಾಗೇ ಕರೆದೆ.

ಮತಚೀಟಿ ಕೊಡುತ್ತಿದ್ದ ನಮ್ಮ ಅಧಿಕಾರಿ ಎಲ್ಲರಿಗೂ ಹೇಳುವುದನ್ನೇ ಆಕೆಗೂ ಹೇಳಿದರು. "ಈ ವಾರ್ಡಿಗೆ ಮೂರು ಮಂದಿ ಆರಿಸಬೇಕವ್ವಾ. ಮೂರು ಚಿಹ್ನೆ ಮ್ಯಾಲೆ ಮೂರು ಮುದ್ರಿ ಒತ್ತಬಹುದು."

"ಒತ್ತಲೇಬೇಕೇನ್ರಿ ಮೂರೂ?"

"ಮೂರರ ತನಕ ಒತ್ತಬಹುದು."

"ಒಂದ ಒತ್ತಿದ್ರ ಚೀಟಿ ಕೆಟ್ಟು ಹೋಗತೈತೇನು?"

"ಇಲ್ಲ, ನಡೀತೈತಿ."

ಆಯಿ ಹಿಂದೆ ತಿರುಗಿ ಸಾಲಿನಲ್ಲಿದ್ದ ಹೆಂಗಸರ ಕಡೆ ನೋಡಿದಳು. ಚೀಟಿ ತೆಗೆದುಕೊಂಡು ರಟ್ಟಿನ ಮರೆಗೆ ಹೋದಳು. ನನಗೆ ಆ ನೋಟದ ಅರ್ಥ ಆಗಲಿಲ್ಲ. ಮುದುಕಿಗೆ ಹೆದರಿಕೆ ಇರಬೇಕು ಅಂದುಕೊಂಡೆ.

ಎಣಿಕೆಯ ದಿನ ಖಾನಾಪುರದಲ್ಲಿ ನನಗೆ ಅದೇ ಪಂಚಾಯಿತಿಯ ಮೇಜು ಸಿಕ್ಕಿತು. ಚೀಟಿಗಳನ್ನು ಬಿಡಿಸುತ್ತ ಹೋದಂತೆ ಪಕ್ಕದಲ್ಲಿದ್ದ ಸಹೋದ್ಯೋಗಿ ನಗತೊಡಗಿದ. "ನೋಡ್ರಿ ಮ್ಯಾಡಮ್, ಇವರಿಗೆ ಓಟ್ ಹಾಕಾಕ ಬರೂದಿಲ್ಲ. ಮೂರು ಒತ್ತಂದ್ರ ಒಂದ ಒತ್ತ್ಯಾರ." ಅವನು ತೋರಿಸಿದ ಚೀಟಿಗಳನ್ನು ನಾನೂ ನೋಡಿದೆ. ಒಂದಾದ ಮೇಲೆ ಒಂದು. ಎಲ್ಲದರ ಮೇಲೂ ಒಂದೇ ಮುದ್ರೆ, ಎಲ್ಲದರ ಮೇಲೂ ಸೀಲಿಂಗ್ ಫ್ಯಾನಿನ ಚಿಹ್ನೆಗೇ. ಕರೆಂಟೇ ಇಲ್ಲದ ವಾಡಾದಿಂದ ನಿಂತವಳಿಗೆ ಚುನಾವಣೆಯವರು ಕೊಟ್ಟ ಚಿಹ್ನೆ ಅದು. ನಿಂತವಳು ಆಯಿಯ ಸೊಸೆ, ಹತ್ತನೆಯವರೆಗೆ ಓದಿದ ಹುಡುಗಿ.

ಆಗ ನನಗೆ ತಿಳಿಯಿತು. ಉಳಿದ ಎರಡು ಮತ ಊರಿನವರಿಗೆ ಕೊಟ್ಟರೆ ಅವು ತಮ್ಮವಳ ಎದುರಿಗೇ ಹೋಗುತ್ತವೆ. ಆ ಹೆಂಗಸರು ಕೂತು ಲೆಕ್ಕ ಹಾಕಿ, ತಮಗಿದ್ದ ಮೂರರಲ್ಲಿ ಎರಡನ್ನು ಬೇಕೆಂದೇ ಬಿಟ್ಟಿದ್ದರು. ಅವರಿಗೆ ಓಟು ಹಾಕಲು ಬರುವುದಿಲ್ಲ ಅಂತ ನಾವು ನಗುತ್ತಿದ್ದೆವು.

ಅಷ್ಟು ಮಾಡಿದರೂ ಸೊಸೆ ಸೋತಳು. ಸಣ್ಣ ಅಂತರವಲ್ಲ. ಗೆದ್ದವರಲ್ಲಿ ಕೊನೆಯವನಿಗೆ ಬಂದ ಮತಗಳ ಅರ್ಧಕ್ಕೂ ಅವಳು ಮುಟ್ಟಲಿಲ್ಲ. ಉಳಿದೆರಡು ವಾರ್ಡುಗಳಲ್ಲೂ ಹಾಗೇ ಆಯಿತು. ಒಂಬತ್ತೂ ಜನ ಊರೊಳಗಿನವರೇ. ಸೊಸೆ ಹೊರಗೆ ಮರದ ಕೆಳಗೆ ನಿಂತಿದ್ದಳು, ಫಲಿತಾಂಶ ಕೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಆ ಸಂಜೆ ಮನೆಯಲ್ಲಿ ನಮ್ಮ ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಅವರೂ ನಮ್ಮ ನಗರದ ವಾರ್ಡು ಬದಲಾದಾಗ ಮನೆ ಬಾಜೂ ಶಾಲೆ ಬಿಟ್ಟು ದೂರದ ಶಾಲೆಗೆ ಹೋಗಿ ಓಟು ಹಾಕಬೇಕಾಯಿತು ಅಂತ ವರ್ಷವಿಡೀ ಸಿಟ್ಟು ಮಾಡಿಕೊಂಡವರು. ನಾನು ನಡೆದದ್ದನ್ನು ಹೇಳಿ, "ನಾ ತಪ್ಪು ಮಾಡಿಲ್ರಿ ಅತ್ತಿ, ಮೂರೂ ಕಡೆ ಮಂದಿ ಸಮ ಅದಾರ" ಅಂದೆ.

ಅವರು ಮೊರದಿಂದ ಕಣ್ಣೆತ್ತಲಿಲ್ಲ. "ಆ ವಾಡಾ ಎಲ್ಲಿ ಅದಾವ ಅಂತ ನೀ ಹೋಗಿ ನೋಡಿದ್ದೇನು?"

"ಇಲ್ಲ."

"ಹಂಗಾದ್ರ ಹೆಂಗ ಹಂಚಿದಿ?"

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅವರ ಮೇಲೆ ಸಿಟ್ಟು ಬಂದಿತ್ತು. ಸಿಟ್ಟು ಇಳಿಯಲು ಎರಡು ದಿನ ಬೇಕಾಯಿತು, ಪ್ರಶ್ನೆ ಮಾತ್ರ ಇಳಿಯಲಿಲ್ಲ.

ಐದು ವರ್ಷ ಹೋದವು. ಮತ್ತೆ ಚುನಾವಣೆ ಹತ್ತಿರ ಬಂತು, ಮತ್ತೆ ಅದೇ ಕಡತ. ಸಾಹೇಬರು ಬದಲಾಗಿದ್ದರು. ಹೊಸಬರು ಕಡಿಮೆ ಮಾತಿನವರು, ಕಾಗದ ಪೂರ್ತಿ ಓದದೆ ಸಹಿ ಹಾಕುವವರಲ್ಲ. "ಈ ಸಲ ಊರು ನೋಡಿ ಬಂದು ಮಾಡ್ತೀನ್ರಿ ಸಾಹೇಬ್ರ" ಅಂದಾಗ ಅವರು ನನ್ನನ್ನು ಒಂದು ಕ್ಷಣ ನೋಡಿ, "ಹೋಗಿ ಬರ್ರಿ" ಅಂದರು.

ಜಾಂಬೋಟಿಯಲ್ಲಿ ಬಸ್ಸು ಬದಲಿಸಿ ಆ ಊರು ಮುಟ್ಟಿದೆ. ಹಾಲು ಹಾಕಲು ಬಂದಿದ್ದ ಆಯಿಯ ಸೊಸೆ ಡೇರಿಯ ಮುಂದೆ ಸಿಕ್ಕಳು. ಶಾಯಿ ಹಚ್ಚಿದವಳೆಂದು ನನ್ನ ಗುರುತು ಹಿಡಿದಳು. ವಾಡಾ ನೋಡಬೇಕು ಅಂದಾಗ ಅವಳಿಗೆ ಆಶ್ಚರ್ಯವಾಯಿತು. "ಅಷ್ಟು ದೂರ ನಡಿಯಾಕ ಆಗತೈತೇನ್ರಿ ಬಾಯಾರ?" ಅಂತ ಕೇಳಿದಳು. ಆ ಕಡೆ ಮೇಡಮ್ಮನಿಗೆ ಬಾಯಿ ಅನ್ನುತ್ತಾರೆ. ಖಾಲಿ ಕ್ಯಾನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ. ಭತ್ತದ ಗದ್ದೆಗಳು ಮುಗಿದ ಮೇಲೆ ಕಾಡು, ಕಾಡಿನ ನಡುವೆ ಹಳ್ಳ. ಹಳ್ಳದ ಮೇಲೆ ಸಂಕ ಅಂತ ಎರಡು ಮರದ ದಿಮ್ಮಿ ಹಾಕಿದ್ದರು. ಮಳೆಗಾಲದಲ್ಲಿ ಅದೂ ಇರುವುದಿಲ್ಲವಂತೆ, ಮಕ್ಕಳು ಶಾಲೆ ಬಿಟ್ಟು ಮನೆಯಲ್ಲೇ ಉಳಿಯುತ್ತವಂತೆ.

ಮನೆಯ ಮುಂದೆ ಆಯಿ ಎಮ್ಮೆಗೆ ಸೊಪ್ಪು ಹಾಕುತ್ತಿದ್ದಳು. "ಬರ್ರಿ, ಕುಂದರ್ರಿ" ಅಂದು ಕಂಬಳಿ ಹಾಸಿ, ಕೆನೆ ತೇಲುವ ದಪ್ಪ ಚಹಾ ಕೊಟ್ಟಳು. ಕನ್ನಡವನ್ನೂ ಮರಾಠಿಯನ್ನೂ ಕೂಡಿಸಿ ಆಕೆ ಮಾತಾಡುವ ರೀತಿ ಖಾನಾಪುರದ ಕಡೆ ಎಲ್ಲರದೂ. ಕುಡಿದು ಮುಗಿಸಿದ ಮೇಲೆ ಉಳಿದ ಎರಡು ವಾಡಾಗಳ ದಾರಿ ಕೇಳಿದೆ.

"ಬಾಜೂನ ಅದಾವಲ್ಲ," ಅಂದಳು ಆಯಿ. "ಆ ದಿನ್ನಿ ದಾಟಿದ್ರ ಒಂದು. ಅಲ್ಲಿಂದ ಇಳದ್ರ ಇನ್ನೊಂದು."

ಒಂದು ಬೆಳಗಿನಲ್ಲಿ ಮೂರನ್ನೂ ನಡೆದು ಮುಗಿಸಿದೆವು. ಮೂರಕ್ಕೂ ಅದೇ ಹಳ್ಳ, ಅದೇ ದಾರಿ, ಅದೇ ಕಾಡು. ಊರಿಗೆ ಹೋಗುವುದಕ್ಕಿಂತ ಅವು ಒಂದಕ್ಕೊಂದು ಹತ್ತಿರ. ಒಟ್ಟಿಗೆ ಕೂಡಿಸಿದರೆ ಸರಿಯಾಗಿ ಒಬ್ಬ ಸದಸ್ಯನಿಗೆ ಬೇಕಾದಷ್ಟು ಜನ. ನಾನು ಪಟ್ಟಿಯಲ್ಲಿ ಲೆಕ್ಕ ಸಮ ಮಾಡಲು ಅವರನ್ನು ಮೂರು ಚೂರು ಮಾಡಿ ಮೂರು ದೊಡ್ಡ ಗುಂಪುಗಳ ಬಾಲಕ್ಕೆ ಕಟ್ಟಿದ್ದೆ. ದಿನ್ನೆಯ ಮೇಲೆ ನಿಂತು ಅದನ್ನು ಸೊಸೆಗೆ ಹೇಳಿದೆ. "ಆ ಪಟ್ಟಿ ನಾನ ಮಾಡಿದ್ದವ್ವಾ."

ಅವಳು "ನಮಗ ಯಾರು ಮಾಡ್ತಾರ ಅಂತನೂ ಗೊತ್ತಿರಲಿಲ್ರಿ" ಅಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಕಚೇರಿಗೆ ಬಂದು ಸಾಹೇಬರಿಗೆ ಎಲ್ಲ ವಿವರಿಸಿದೆ. ಮೂರು ವಾಡಾ ಸೇರಿಸಿ ಒಂದೇ ಸದಸ್ಯನ ಒಂದು ಸಣ್ಣ ವಾರ್ಡು, ಊರಿಗೆ ಉಳಿದ ಎಂಟು. ಅವರು ನಾನು ಬರೆದ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನೀವು ಹೇಳೂದು ಖರೇ ಅದ," ಅಂದರು. "ಆದ್ರ ನಾವಾಗಿ ಬದಲಿ ಮಾಡಿದ್ರ ಊರವರು 'ಯಾರು ಕೇಳಿದ್ರು' ಅಂತಾರ. ಕರಡು ಮೊದಲಿನಂಗ ಹೋಗ್ಲಿ. ಆಕ್ಷೇಪಣೆ ಕೊಡಾಕ ದಿನ ಇರ್ತಾವ. ವಾಡಾದವರು ಬರದ ಕೊಡ್ಲಿ, ವಿಚಾರಣೆ ಆಗ್ಲಿ. ಕಾಗದ ಇದ್ರ ಮುಂದಿಂದು ನಾ ನೋಡ್ತೀನಿ."

ಕರಡನ್ನು ಪಂಚಾಯಿತಿಯ ಬೋರ್ಡಿಗೆ ಹಚ್ಚಿದರು. ಪಂಚಾಯಿತಿ ಇರುವುದು ದೊಡ್ಡ ಊರಿನ ನಡುವೆ. ವಾಡಾದವರು ಯಾರೂ ಆ ಬೋರ್ಡು ಓದಲು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಗುಮಾಸ್ತಳಾದ ನಾನು ಒಂದು ಕಡೆಯವರಿಗೆ ಫೋನು ಮಾಡಬಹುದೇ ಅಂತ ಒಂದು ದಿನ ಪೂರ್ತಿ ಯೋಚಿಸಿದೆ. ಬೋರ್ಡಿನ ಮೇಲಿರುವುದು ಎಲ್ಲರೂ ಓದಲೆಂದು ಹಚ್ಚಿದ ಕಾಗದ, ಅದನ್ನು ಓದಿ ಅನ್ನುವುದು ತಪ್ಪಲ್ಲ ಅಂತ ಕೊನೆಗೆ ಅನ್ನಿಸಿತು. ಮಾರನೆಯ ದಿನ ಸಾಹೇಬರ ಎದುರಿಗೇ ನಿಂತು ಫೋನು ಮಾಡಿದೆ. ವಾಡಾದಲ್ಲಿ ಸಿಗ್ನಲ್ ಸಿಗುವುದು ದಿನ್ನೆಯ ಮೇಲೆ ಮಾತ್ರ. ನಾಲ್ಕನೆಯ ಸಲಕ್ಕೆ ಸೊಸೆ ಸಿಕ್ಕಳು.

"ಪಂಚಾಯತಿ ಬೋರ್ಡಿನ ಮ್ಯಾಲೆ ವಾರ್ಡಿನ ಪಟ್ಟಿ ಹಚ್ಚೀವಿ. ಓದಿಕೊಳ್ಳವ್ವಾ. ತಕರಾರು ಇದ್ರ ಬರದ ಕೊಡಬಹುದು," ಅಂದೆ. ಅಷ್ಟೇ ಅಂದದ್ದು.

ಅವಳಿಗೆ ಕಷ್ಟವಾದದ್ದು ಬರೆಯುವುದಲ್ಲ. ಮೂರು ವಾಡಾಗಳ ನಡುವೆ ಎಮ್ಮೆ ಮೇಯಿಸುವ ಜಾಗಕ್ಕೆ ಹಳೆಯ ಜಗಳವಿತ್ತು. ದಿನ್ನೆಯ ಆಚೆಯವರು ಆಯಿಯ ಮನೆಗೆ ಬಂದು ನೀರು ಕುಡಿದು ವರ್ಷಗಳಾಗಿದ್ದವು. ಆಯಿ ತಾನೇ ಅವರ ಅಂಗಳಕ್ಕೆ ಹೋಗಿ ಕೂತಳಂತೆ. ಮೊದಲ ದಿನ ಯಾರೂ ಮಾತಾಡಿಸಲಿಲ್ಲ. ಎರಡನೆಯ ದಿನವೂ ಹೋದಳು. ಮೂರನೆಯ ದಿನ ಆ ಮನೆಯ ಯಜಮಾನಿ ಚಹಾ ತಂದಿಟ್ಟಳು. ಒಂದು ವಾರದ ಮೇಲೆ ಸೊಸೆ ಖಾನಾಪುರಕ್ಕೆ ಬಂದು ಅರ್ಜಿ ಕೊಟ್ಟಳು. ಮರಾಠಿಯಲ್ಲಿ ಎರಡು ಪುಟ, ಗುಂಡಗಿನ ಅಕ್ಷರ, ಕೆಳಗೆ ಮೂರೂ ವಾಡಾದವರ ಸಹಿ ಮತ್ತು ಹೆಬ್ಬೆಟ್ಟುಗಳು. ಅದರ ಕನ್ನಡ ನಾನೇ ಮಾಡಿ ಕಡತಕ್ಕೆ ಸೇರಿಸಿದೆ.

ವಿಚಾರಣೆ ಬೆಳಗಾವಿಯಲ್ಲಿತ್ತು, ಹಿರಿಯ ಅಧಿಕಾರಿಯ ಎದುರು. ಬೆಳಿಗ್ಗೆಯ ಬಸ್ಸಿಗೆ ಹೊರಟರೆ ಹೊತ್ತಾಗುತ್ತದೆಂದು ಆಯಿ, ಸೊಸೆ ಹಿಂದಿನ ದಿನವೇ ಬಂದು ರಾಮತೀರ್ಥ ನಗರದಲ್ಲಿ ಒಂದು ಕಟ್ಟಡಕ್ಕೆ ವಾಚ್‌ಮನ್ ಆಗಿದ್ದ ಸಂಬಂಧಿಕನ ಕೋಣೆಯಲ್ಲಿ ಉಳಿದಿದ್ದರು. ನಾನು ಕಡತ ಹಿಡಿದು ಸಾಹೇಬರ ಹಿಂದೆ ನಿಂತಿದ್ದೆ.

ಎದುರಿಗೆ ಬಂದವರು ಪಂಚಾಯಿತಿಯ ಅಧ್ಯಕ್ಷರು. ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಎಲ್ಲರಿಗೂ ಕೈ ಮುಗಿಯುವ ಮನುಷ್ಯ. ಅವರನ್ನು ಕೆಟ್ಟವರು ಅಂತ ನಾನು ಅಂದುಕೊಂಡಿದ್ದೆ. ಹಾಗಿರಲಿಲ್ಲ.

"ಸಾಹೇಬ್ರ, ಊರು ಒಡೀಬ್ಯಾಡ್ರಿ," ಅಂದರು. ಅವರ ಕಣ್ಣು ನಿಜವಾಗಿಯೂ ತುಂಬಿದ್ದವು. "ಇವರಿಗೆ ರೇಷನ್ ಕಾರ್ಡು ಮಾಡಿಸಿದವ ನಾ. ಈ ಆಯಿ ಸೊಸಿಗೆ ಹೆರಿಗಿ ಕಷ್ಟ ಆದಾಗ ನನ್ನ ಜೀಪ್ ತಗೊಂಡು ಹಳ್ಳದ ತನಕ ಹೋದವ ನಾ. ಇವರನ್ನ ಬ್ಯಾರೆ ಅಂತ ನಾ ಯಾವತ್ತೂ ತಿಳದಿಲ್ಲ. ಈಗ ನಮ್ಮಿಂದ ಬ್ಯಾರೆ ಆಗ್ತೀವಿ ಅಂತಾರ."

ಹಿರಿಯ ಅಧಿಕಾರಿ ಆಯಿಯ ಕಡೆ ತಿರುಗಿ, "ಇವರು ಹೇಳಿದ್ದು ಖರೇನ?" ಅಂತ ಕೇಳಿದರು.

"ಖರೇರಿ," ಅಂದಳು ಆಯಿ. "ಇವನ ಗಾಡಿ ಬರದಿದ್ರ ಇವಳು ಉಳೀತಿರಲಿಲ್ಲ. ನಮ್ಮ ವಾಡಾದಾಗ ಯಾರೂ ಅದನ್ನ ಮರ್ತಿಲ್ಲ." ಅಲ್ಲಿಗೆ ನಿಲ್ಲಿಸಿದಳು. ನಾನು ಮುಗಿಯಿತು ಅಂದುಕೊಂಡೆ. ಆಕೆ ಅಧ್ಯಕ್ಷರ ಕಡೆ ತಿರುಗಿದಳು. "ತಮ್ಮಾ, ನೀ ಭಾಳ ಮಾಡೀದಿ. ಆದ್ರ ಪ್ರತಿ ಸಲ ನಿನ್ನ ಮನಿ ಮುಂದ ನಿಂತು ಕೇಳಬೇಕು. ನೀ ಊರಾಗ ಇದ್ರ ಆಗತೈತಿ, ಇಲ್ಲದಿದ್ರ ಇಲ್ಲ. ಹಳ್ಳಕ್ಕ ಸಂಕ ಬೇಕಂತ ಎಷ್ಟು ವರ್ಷ ಕೇಳೀವಿ? ಸಭಿಯೊಳಗ ಒಮ್ಮೆರ ಆ ಮಾತು ಬಂತೇನು, ನೀನ ಹೇಳು."

ಅಧ್ಯಕ್ಷರು ಸುಳ್ಳು ಹೇಳುವ ಮನುಷ್ಯನಲ್ಲ. "ಬಂದಿಲ್ಲ," ಅಂದರು. "ಒಂಬತ್ತೂ ಮಂದಿ ತಮ್ಮ ತಮ್ಮ ಓಣಿ ಗಟಾರದ ಮಾತು ಆಡ್ತಾರ. ಹೊತ್ತು ಮುಗೀತೈತಿ."

"ಅದಕ್ಕ ಕೇಳಾಕತ್ತೀವಿ," ಅಂದಳು ಆಯಿ. "ಅಲ್ಲಿ ಕುಂತು ಹೇಳೂ ಹಂಗ ನಮ್ಮವರೊಬ್ಬರು ಇರ್ಲಿ. ಜೀಪ್ ನಿನ್ನದ ಇರ್ಲಿ."

ಕೋಣೆಯಲ್ಲಿದ್ದ ಒಬ್ಬಿಬ್ಬರು ನಕ್ಕರು, ಅಧ್ಯಕ್ಷರೂ ಒಲ್ಲದ ಮನಸ್ಸಿನಿಂದ ನಕ್ಕರು. ಹಿರಿಯ ಅಧಿಕಾರಿ ನಕ್ಷೆ ಕೇಳಿದರು. ನಾನು ಮುಂದೆ ಹೋಗಿ ಕೊಟ್ಟೆ. ಹಿಂದಿನ ವಿಂಗಡಣೆ ಯಾವ ಆಧಾರದ ಮೇಲೆ ಆಗಿತ್ತು ಅಂತ ಅವರು ಕೇಳಿದಾಗ ನಮ್ಮ ಸಾಹೇಬರು ನನ್ನ ಕಡೆ ನೋಡಲಿಲ್ಲ, ನನ್ನನ್ನು ಉಳಿಸಲಿಕ್ಕೆ. ನಾನೇ ಹೇಳಿದೆ. "ಸ್ಥಳ ನೋಡದ ಮಾಡಿದ್ದೆ ಸರ್. ಜನಸಂಖ್ಯೆ ಸಮ ಬಂದ್ರ ಸಾಕು ಅಂದ್ಕೊಂಡಿದ್ದೆ." ಹಿರಿಯ ಅಧಿಕಾರಿ ಅದನ್ನು ಬರೆದುಕೊಂಡರು. ಹೊರಗೆ ಬಂದ ಮೇಲೆ ಆಯಿ ಬಂದು ನನ್ನ ಎರಡೂ ಕೈ ಹಿಡಿದು ಒತ್ತಿ ಹೋದಳು.

ಅಂತಿಮ ಪಟ್ಟಿಯಲ್ಲಿ ಮೂರು ವಾಡಾ ಸೇರಿ ಒಂದು ವಾರ್ಡು ಬಂತು. ಮೀಸಲಾತಿಯ ಸರದಿಯಲ್ಲಿ ಆ ಸ್ಥಾನ ಮಹಿಳೆಗೆ ಬಿತ್ತು. ಮತಗಟ್ಟೆಯನ್ನೂ ನಡುವಿನ ವಾಡಾದ ಅಂಗನವಾಡಿಗೆ ಕೊಟ್ಟರು. ಸೊಸೆ ಮತ್ತೆ ನಿಂತಳು. ಈ ಸಲ ಅವಳು ಗೆಲ್ಲುತ್ತಾಳೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಇಷ್ಟೆಲ್ಲ ಮಾಡಿದವಳು ಅವಳಲ್ಲವೇ?

ಸೋತಳು. ದಿನ್ನೆಯ ಆಚೆ, ಆಯಿಗೆ ಚಹಾ ತಂದಿಟ್ಟಿದ್ದಳಲ್ಲ, ಆ ಯಜಮಾನಿ ಗೆದ್ದಳು. ಅವರ ವಾಡಾದಲ್ಲಿ ನಾಲ್ಕಾರು ಮನೆ ಹೆಚ್ಚು, ಜೊತೆಗೆ ಕೆಳಗಿನ ವಾಡಾದಲ್ಲಿ ಆಕೆಯ ತವರು. ಎಣಿಕೆಯ ಕೋಣೆಯಿಂದ ಹೊರಗೆ ಬಂದಾಗ ನನಗೇ ಅಳು ಬಂದಿತ್ತು. ಸೊಸೆ ಅದೇ ಮರದ ಹತ್ತಿರ ನಿಂತಿದ್ದಳು. ಮುಖ ಬಾಡಿತ್ತು, ಆದರೆ ಹಿಂದಿನ ಸಲದಂತೆ ಅವಸರದಲ್ಲಿ ಹೋಗಲಿಲ್ಲ. ಗೆದ್ದ ಹೆಂಗಸು ಹೊರಬಂದಾಗ ಹೋಗಿ ಹಣೆಗೆ ಗುಲಾಲು ಹಚ್ಚಿದಳು. ಆಮೇಲೆ ನನ್ನ ಹತ್ತಿರ ಬಂದು, "ಕೆಟ್ಟ ಅನಸ್ತೈತ್ರಿ ಬಾಯಾರ. ಸುಳ್ಳು ಯಾಕ ಹೇಳ್ಲಿ," ಅಂದಳು. "ಆದ್ರ ಮೊದಲ ಸಲ ಸೋತಾಗ ನಾ ನಿಂತಿದ್ದೇ ತಪ್ಪು ಅನಿಸಿತ್ತು. ಈ ಸಲ ಹಂಗ ಅನಸಲಿಲ್ಲ."

ಹೊಸ ಸದಸ್ಯೆ ಓದು ಬಾರದವಳು, ಮಾತಿನಲ್ಲಿ ಜೋರು. ಮೊದಲ ಸಭೆಯಲ್ಲೇ ಕುರ್ಚಿಯಲ್ಲಿ ಕೂತು, ಕಾಲುಸಂಕದ ಮಾತು ಬರೆದುಕೊಳ್ಳುವವರೆಗೂ ಚಹಾ ಕುಡಿಯುವುದಿಲ್ಲ ಅಂದಳಂತೆ. ಬರೆದುಕೊಂಡರು. ಅದು ಬರೆದ ಮೇಲೂ ಅರಣ್ಯ ಇಲಾಖೆ, ಎಂಜಿನಿಯರು, ಮತ್ತೊಂದು ಕಚೇರಿ ಅಂತ ಎರಡು ಮಳೆಗಾಲ ಹೋದವು. ಹಿಂದಿನ ಅಧ್ಯಕ್ಷರೇ, ಈಗ ಬರೀ ಸದಸ್ಯರು, ಆಕೆಯನ್ನು ತಮ್ಮ ಜೀಪಿನಲ್ಲಿ ಕೂರಿಸಿಕೊಂಡು ಖಾನಾಪುರಕ್ಕೆ ಓಡಾಡಿದರು ಅಂತ ಕೇಳಿದೆ.

ನನಗೆ ಅಷ್ಟರಲ್ಲಿ ಬೆಳಗಾವಿಗೆ ವರ್ಗವಾಗುವ ಕಾಗದ ಬಂದಿತ್ತು. ಖಾನಾಪುರದ ಕಚೇರಿಯಲ್ಲಿ ನನ್ನ ಕೊನೆಯ ವಾರ ಆಯಿ ಬಂದಳು, ಒಬ್ಬಳೇ, ಕೈಯಲ್ಲಿ ಒಂದು ಎಲೆಯ ಪೊಟ್ಟಣದಲ್ಲಿ ಹಾಲು ಗಟ್ಟಿಯಾಗಿ ಕಾಸಿದ ಖವಾ. ಕುರ್ಚಿ ಕೊಟ್ಟು ಕೂರಿಸಿದೆ. ಮುಖದಲ್ಲಿ ಸಿಟ್ಟು ಕಾಣುತ್ತಿತ್ತು.

"ಸಂಕ ಮಂಜೂರಾತು," ಅಂದಳು.

"ಚಲೋ ಆತಲ್ಲ ಆಯಿ!"

"ಏನ್ ಚಲೋ? ಅಕಿ ದಿಮ್ಮಿ ಇದ್ದಲ್ಲಿ ಬಿಟ್ಟು ತನ್ನ ವಾಡಾದ ಕೆಳಗ ಹಾಕಿಸ್ಯಾಳ. ನಮ್ಮ ಹುಡುಗರು ದಿನ್ನಿ ಸುತ್ತಿ ಹೋಗಬೇಕು." ಸೆರಗಿನಿಂದ ಬೆವರು ಒರೆಸಿಕೊಂಡು ಮೇಜಿನ ಮೇಲೆ ಬಾಗಿದಳು. "ಈಗ ಹೇಳ್ರಿ ಬಾಯಾರ, ನಮ್ಮ ಸದಸ್ಯೆ ಮ್ಯಾಲೆ ತಕರಾರು ಎಲ್ಲಿ ಕೊಡಬೇಕು?"

ನನಗೆ ನಗು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಆಕೆಯೂ ನಕ್ಕಳು. ಗ್ರಾಮಸಭೆ ಅಂತ ಇರುತ್ತದೆ, ಅಲ್ಲಿ ಎದ್ದು ನಿಂತು ಕೇಳಬಹುದು, ಆಕೆ ಉತ್ತರ ಕೊಡಲೇಬೇಕು ಅಂತ ತಿಳಿಸಿ ಹೇಳಿದೆ. ಗ್ರಾಮಸಭೆ ಯಾವಾಗ ಅಂತ ಕೇಳಿದಳು. ನನಗೆ ಮರಾಠಿ ಓದಲು ಬರುತ್ತದೆ, ಬರೆಯಲು ಬಾರದು; ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಅರ್ಜಿ ಬರೆಯುವವನನ್ನು ಕರೆದು, ಆ ದಿನವನ್ನು ಒಂದು ಚೀಟಿಯ ಮೇಲೆ ಮರಾಠಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಕೊಟ್ಟೆ. ಆಯಿ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಜಾಂಬೋಟಿ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು.